ಕ್ಷೌರದಂಗಡಿಯ ಕಿನುವಿಗಾಗಿ ಇನ್ನೂರೆಂಬತ್ತು ಮೈಲಿ

ನೀಲಾಂಬಿಕಾ ಹಿರೇಮಠ ಮೂವತ್ತನಾಲ್ಕು ವರ್ಷ ವೈದ್ಯೆಯಾಗಿದ್ದರೂ ರೋಗಿಗಳ ಮುಖ ನೋಡಿದ್ದು ಕಡಿಮೆ. ಷಿಕಾಗೋದ ಪಶ್ಚಿಮಕ್ಕಿರುವ ಒಂದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಅವರ ಕೋಣೆ. ಮೇಲಿನ ಮಹಡಿಗಳಲ್ಲಿ ಯಾರದೋ ಎದೆಯಿಂದ, ಯಾರದೋ ಕರುಳಿನಿಂದ ಕೊಯ್ದು ತೆಗೆದ ಚೂರು ಗಾಜಿನ ಪಟ್ಟಿಯ ಮೇಲೆ ಕೂತು ಕೆಳಗೆ ಬರುತ್ತಿತ್ತು. ಅವರು ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿ ನೋಡಿ, ಇದು ಕ್ಯಾನ್ಸರ್, ಇದು ಅಲ್ಲ ಎಂದು ಬರೆದು ಸಹಿ ಹಾಕುತ್ತಿದ್ದರು. ಆ ಕಾಗದ ಮೇಲೆ ಹೋಗಿ ಯಾರ ಮನೆಯಲ್ಲಿ ಏನು ಮಾಡಿತೆಂಬುದು ಅವರಿಗೆ ತಿಳಿಯುತ್ತಿರಲಿಲ್ಲ. ತಿಳಿಯುವುದು ಬೇಡವೆಂದೇ ಅವರು ಪೆಥಾಲಜಿ ಆರಿಸಿಕೊಂಡದ್ದು. ಹುಬ್ಬಳ್ಳಿಯಲ್ಲಿ ಓದುವಾಗಲೇ ವಾರ್ಡಿನ ಅಳು ಅವರಿಗೆ ಆಗಿಬರುತ್ತಿರಲಿಲ್ಲ.

ಅರವತ್ತೇಳನೆಯ ವಯಸ್ಸಿನಲ್ಲಿ ಒಂದು ಮಂಗಳವಾರ ಅವರು ಒಬ್ಬ ಹೆಂಗಸಿನ ಕಂಕುಳ ಗಂಟಿನ ಸ್ಲೈಡ್ ನೋಡಿ, ಏನೂ ಇಲ್ಲ ಎಂದು ಬದಿಗಿಟ್ಟರು. ಎರಡನೆಯ ಸಲ ಪರೀಕ್ಷಿಸುವ ಸರದಿ ಅವತ್ತು ಒಬ್ಬ ಕಿರಿಯ ಡಾಕ್ಟರದಾಗಿತ್ತು. ಆತ ಸ್ಲೈಡಿನ ಅಂಚಿನಲ್ಲಿದ್ದ ಎಂಟೋ ಒಂಬತ್ತೋ ಕೆಟ್ಟ ಜೀವಕೋಶಗಳ ಪಕ್ಕ ನೀಲಿ ಪೆನ್ನಿನಿಂದ ಒಂದು ಚುಕ್ಕೆ ಇಟ್ಟು ಮರಳಿಸಿದ. ವರದಿ ಇನ್ನೂ ಹೊರಗೆ ಹೋಗಿರಲಿಲ್ಲ. ಯಾರಿಗೂ ತೊಂದರೆಯಾಗಲಿಲ್ಲ. ಆತ ಒಂದು ಮಾತೂ ಆಡಲಿಲ್ಲ, ಇವರೂ ಆಡಲಿಲ್ಲ. ನಾಲ್ಕು ತಿಂಗಳ ನಂತರ ನೀಲಾಂಬಿಕಾ ನಿವೃತ್ತಿಯ ಕಾಗದ ಕೊಟ್ಟರು. ಮನೆಯಲ್ಲಿ ಗಂಡನಿಗೆ ಹೇಳಿದ್ದು ಒಂದೇ ಮಾತು: “ಸಾಕಾತು.”

ಗಂಡ ರಾಚಯ್ಯ ಎಲೆಕ್ಟ್ರಿಕಲ್ ಇಂಜಿನಿಯರ್ ಆಗಿದ್ದವರು, ಹೆಂಡತಿಗಿಂತ ಐದು ವರ್ಷ ದೊಡ್ಡವರು. ಷಿಕಾಗೋ ಹೊರವಲಯದ ವೆಸ್ಟ್‌ಮಂಟ್‌ನ ಅವರ ಮನೆಯಲ್ಲಿ ಕಾರು ಓಡಿಸುವುದು ಮೊದಲಿನಿಂದ ಅವರ ಖಾತೆ. ನೀಲಾಂಬಿಕಾ ಮನೆಯಿಂದ ಆಸ್ಪತ್ರೆಗೆ ಎರಡು ಮೈಲಿ, ಆಸ್ಪತ್ರೆಯಿಂದ ತರಕಾರಿ ಅಂಗಡಿಗೆ ಒಂದು ಮೈಲಿ, ಒಳರಸ್ತೆಗಳಲ್ಲಿ ಮೂವತ್ತರ ವೇಗದಲ್ಲಿ ಹೋಗಿಬರುತ್ತಿದ್ದರು. ನಾಲ್ಕು ದಶಕಗಳಲ್ಲಿ ಒಮ್ಮೆಯೂ ಹೈವೇ ಹತ್ತಿದವರಲ್ಲ. ಹೋದ ವರ್ಷ ರಾಚಯ್ಯನವರ ಎರಡೂ ಕಣ್ಣುಗಳ ನಡುಭಾಗ ಮಸುಕಾಗತೊಡಗಿತು. ಎದುರಿಗಿದ್ದವರ ಕಿವಿ ಕಾಣುತ್ತದೆ, ಮೂಗು ಕಾಣುವುದಿಲ್ಲ ಎಂದು ಅವರೇ ನಗುತ್ತ ಹೇಳುತ್ತಿದ್ದರು. ಡಾಕ್ಟರು ಕಾರು ಓಡಿಸುವುದು ಬೇಡವೆಂದ ದಿನವೇ ಕೀಲಿಕೈ ತಂದು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟರು. ಆಮೇಲೆ ಆರು ವಾರಕ್ಕೊಮ್ಮೆ ಕಣ್ಣಿನ ಇಂಜೆಕ್ಷನ್ನಿಗೆ ಕರೆದೊಯ್ಯಲು ಮಗಳು ಐಶ್ವರ್ಯ ಓಕ್ ಬ್ರೂಕಿನ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಬರುತ್ತಿದ್ದಳು.

ಐಶ್ವರ್ಯಳ ಮಗಳು ದಿಯಾಗೆ ಹದಿನೈದು ವರ್ಷ. ಶಾಲೆ ಬಿಟ್ಟ ಮೇಲೆ ಅಜ್ಜಿಯ ಮನೆಗೆ ಬಂದು, ಸೋಫಾದ ಮೇಲೆ ಕಾಲು ಚಾಚಿ, ಜಪಾನಿನ ಕಾಮಿಕ್ಸ್ ಪುಸ್ತಕಗಳನ್ನು ಓದುತ್ತಿದ್ದಳು. ಅವಕ್ಕೆ ಮಾಂಗಾ ಎನ್ನುತ್ತಾರೆಂದು ನೀಲಾಂಬಿಕಾರಿಗೆ ಅವಳಿಂದಲೇ ಕೇಳಿ ಗೊತ್ತು. ಕತ್ತಿ ಹಿಡಿದ ಹುಡುಗರು, ದೊಡ್ಡ ಕಣ್ಣಿನ ಹುಡುಗಿಯರು; ಅವರೆಂದೂ ಬಗ್ಗಿ ನೋಡಿದ್ದಿಲ್ಲ. ಏಪ್ರಿಲ್ ತಿಂಗಳಲ್ಲಿ ಒಂದು ದಿನ ದಿಯಾ ಬಿಟ್ಟುಹೋದ ಲೈಬ್ರರಿ ಪುಸ್ತಕವೊಂದರ ಮುಖಪುಟದಲ್ಲಿ ಹುಡುಗಿಯ ಬದಲು ಒಬ್ಬ ಮುದುಕಿ ಇದ್ದಳು. ಬಿಳಿಯ ಅಂಗಿ, ಗಂಟು ಹಾಕಿದ ಕೂದಲು, ಬಲಗೈಯಲ್ಲಿ ಹಜಾಮತಿಯ ಕತ್ತಿ. ನೀಲಾಂಬಿಕಾ ಚಹಾದ ಲೋಟ ಹಿಡಿದು ಕೂತು ಓದತೊಡಗಿದರು. ಇಪ್ಪತ್ತು ಪುಟ ಓದಿದ ಮೇಲೂ ತಲೆಬುಡ ಗೊತ್ತಾಗಲಿಲ್ಲ. ಮುದುಕಿ ಒಬ್ಬನ ನುಣುಪಾದ ಗಲ್ಲಕ್ಕೆ ಕತ್ತಿ ಹಿಡಿಯುತ್ತಾಳೆ, ಆಮೇಲೆ ಅಲ್ಲಿ ನೊರೆ ಬರುತ್ತದೆ, ಆಮೇಲೆ ಗಡ್ಡ ಬರುತ್ತದೆ.

ಮರುದಿನ ಕೇಳಿದಾಗ ದಿಯಾ ಹೊಟ್ಟೆ ಹಿಡಿದು ನಕ್ಕಳು. “ಅಜ್ಜೀ, ಯು ರೆಡ್ ಇಟ್ ಬ್ಯಾಕ್‌ವರ್ಡ್ಸ್!” ಎಂದು, ಬಲದಿಂದ ಎಡಕ್ಕೆ, ಕೊನೆಯ ಪುಟವೆಂದು ಕಾಣುವ ಕಡೆಯಿಂದ ಓದಬೇಕೆಂದು ತೋರಿಸಿಕೊಟ್ಟಳು. ಆ ಪುಸ್ತಕ ಅವಳಿಗೆ ಬೇಜಾರಾಗಿತ್ತು, ಅದರಲ್ಲಿ ಏನೂ ಆಗುವುದೇ ಇಲ್ಲವಂತೆ. ನೀಲಾಂಬಿಕಾ ಸರಿಯಾದ ಕಡೆಯಿಂದ ಹಿಡಿದು ಒಂದೇ ಮಧ್ಯಾಹ್ನದಲ್ಲಿ ಓದಿ ಮುಗಿಸಿದರು. ವಾರದೊಳಗೆ ಉಳಿದ ಮೂರು ಸಂಪುಟಗಳನ್ನೂ ಲೈಬ್ರರಿಯಿಂದ ತಂದರು.

ಮುದುಕಿಯ ಹೆಸರು ಕಿನು. ವಯಸ್ಸು ಎಪ್ಪತ್ತಾರು. ಜಪಾನಿನ ಯಾವುದೋ ಸಣ್ಣ ಬಂದರು ಊರಿನಲ್ಲಿ ಅವಳದೊಂದು ಕ್ಷೌರದಂಗಡಿ. ಊರಿನ ಹರೆಯದವರೆಲ್ಲ ಪಟ್ಟಣ ಸೇರಿದ್ದಾರೆ. ಕಿನುವಿಗೆ ಉಳಿದಿರುವವರು ಮೂರು ಜನ ಗಿರಾಕಿಗಳು, ಮೂವರೂ ಮುದುಕರು. ಮೊದಲನೆಯ ಸಂಪುಟದಲ್ಲಿ ಅವರು ಬಂದು ಕೂರುತ್ತಾರೆ, ಹವಾಮಾನದ ಮಾತಾಡುತ್ತಾರೆ, ಎದ್ದು ಹೋಗುತ್ತಾರೆ. ಎರಡನೆಯದರಲ್ಲಿ ಒಬ್ಬ ಸಾಯುತ್ತಾನೆ. ಕಿನು ಹೋಗಿ ಅವನಿಗೆ ಕೊನೆಯ ಸಲ ಮುಖಕ್ಷೌರ ಮಾಡಿ ಬರುತ್ತಾಳೆ. ಮೂರನೆಯದರಲ್ಲಿ ಇನ್ನೊಬ್ಬನನ್ನು ಮಗಳು ಕರೆದುಕೊಂಡು ಹೋಗುತ್ತಾಳೆ. ಉಳಿದವನು ಮೋರಿ, ಹಿಂದೆ ಅಂಚೆ ಕಚೇರಿಯಲ್ಲಿದ್ದವನು. ನಾಲ್ಕನೆಯ ಸಂಪುಟದ ಕೊನೆಯ ಪುಟದಲ್ಲಿ ಮೋರಿ ಕುರ್ಚಿಯಲ್ಲಿ ಕತ್ತು ಚಾಚಿ ಮಲಗಿದ್ದಾನೆ, ಕಿನು ಅವನ ಗಂಟಲಿಗೆ ಕತ್ತಿ ತರುತ್ತಾಳೆ, ಅವಳ ಕೈ ನಡುಗುತ್ತದೆ. ಮೋರಿ ಅದನ್ನು ಕನ್ನಡಿಯಲ್ಲಿ ನೋಡುತ್ತಾನೆ. ಅವನು ನೋಡಿದ್ದನ್ನು ಕಿನು ನೋಡುತ್ತಾಳೆ. ಅಲ್ಲಿಗೆ ಪುಸ್ತಕ ಮುಗಿದಿತ್ತು.

ಐದನೆಯ ಸಂಪುಟ ಲೈಬ್ರರಿಯಲ್ಲಿ ಇರಲಿಲ್ಲ. ಅಲ್ಲಿನ ಹೆಂಗಸು ಕಂಪ್ಯೂಟರಿನಲ್ಲಿ ಹುಡುಕಿ, ಓದುವವರು ಸಾಲದೆ ಇಂಗ್ಲಿಷಿಗೆ ತರುವುದನ್ನು ನಾಲ್ಕಕ್ಕೇ ನಿಲ್ಲಿಸಿದ್ದಾರೆ, ಜಪಾನೀ ಭಾಷೆಯಲ್ಲಿ ಆರು ಇವೆ ಎಂದಳು. ನೀಲಾಂಬಿಕಾ ಮಗಳಿಗೆ ದುಂಬಾಲು ಬಿದ್ದು, ಆರ್ಲಿಂಗ್ಟನ್ ಹೈಟ್ಸ್ ಕಡೆಯ ಜಪಾನೀ ಅಂಗಡಿಯೊಂದಕ್ಕೆ ಹೋಗಿ, ಐದನೆಯದನ್ನೂ ಆರನೆಯದನ್ನೂ ತಂದರು. ಫೋನಿನ ಕ್ಯಾಮೆರಾ ಹಿಡಿದರೆ ಇಂಗ್ಲಿಷಿಗೆ ಮಾಡಿಕೊಡುತ್ತದೆಂದು ದಿಯಾ ಹೇಳಿದ್ದಳು. ಬಂದರಿನ ಆಡುಮಾತು, ಅದೂ ಕೈಬರಹದಂಥ ಅಕ್ಷರ. ಫೋನು ಮೊದಲ ಪುಟಕ್ಕೆ ‘ಮಾವನ ಸಮುದ್ರ ಇಂದು ಕತ್ತರಿ ಅಲ್ಲವೇ’ ಎಂಬರ್ಥದ ಏನನ್ನೋ ತೋರಿಸಿತು. ಅವರು ಫೋನು ಪಕ್ಕಕ್ಕಿಟ್ಟರು.

ಆಗ ಅವರಿಗೆ ನೆನಪಾದದ್ದು ಸಚಿಕೋ ಓನೋ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಇಪ್ಪತ್ತೆಂಟು ವರ್ಷ ಪಕ್ಕದ ಕೋಣೆಯಲ್ಲಿ ಕೆಲಸ ಮಾಡಿದವಳು. ಮೇಲಿಂದ ಬಂದ ಚೂರನ್ನು ಮೇಣದಲ್ಲಿ ಕೂರಿಸಿ, ಈರುಳ್ಳಿಯ ಪೊರೆಗಿಂತ ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಹಾಸಿ ಬಣ್ಣ ಹಾಕುವುದು ಅವಳ ಕೆಲಸ. ಸಚಿಕೋ ಕೊಯ್ದದ್ದನ್ನು ನೀಲಾಂಬಿಕಾ ನೋಡುತ್ತಿದ್ದರು. ಇಬ್ಬರೂ ಮಾತು ಕಮ್ಮಿಯವರು, ಒಟ್ಟಿಗೆ ಊಟದ ಡಬ್ಬಿ ಬಿಚ್ಚುತ್ತಿದ್ದವರು. ಅಷ್ಟು ವರ್ಷವೂ ಸಚಿಕೋ ಅವರನ್ನು ಡಾಕ್ಟರ್ ಎಂದೇ ಕರೆದಳು. ಗಂಡ ತೀರಿಕೊಂಡ ಮೇಲೆ ಅವಳು ಡೆಟ್ರಾಯಿಟ್ ಹತ್ತಿರದ ನೋವೈಗೆ, ಮಗಳ ಮನೆಯ ಸಮೀಪ ಹೋಗಿ ನೆಲೆಸಿದ್ದಳು. ಹೊಸ ವರ್ಷಕ್ಕೊಂದು ಕಾರ್ಡು ಬರುತ್ತಿತ್ತು.

ನೀಲಾಂಬಿಕಾ ಫೋನು ಮಾಡಿ ವಿಷಯ ಹೇಳಿದರು.

“ಡಾಕ್ಟರ್, ನೀವು ಮಾಂಗಾ ಓದುತ್ತಿದ್ದೀರಾ?” ಎಂದಳು ಸಚಿಕೋ. ಅವರಿಬ್ಬರ ಮಾತು ಯಾವಾಗಲೂ ಇಂಗ್ಲಿಷಿನಲ್ಲಿ.

“ಮುದುಕಿಯದು. ನೀನು ಫೋನಿನಲ್ಲಿ ಓದಿ ಹೇಳಿದರೆ ಸಾಕು.”

“ಆಗುವುದಿಲ್ಲ. ಚಿತ್ರದ ಮೇಲೆ ಬೆರಳಿಟ್ಟು ಹೇಳಬೇಕು. ಬನ್ನಿ.”

ಬನ್ನಿ ಎಂದಷ್ಟು ಸುಲಭವಿರಲಿಲ್ಲ. ಐಶ್ವರ್ಯ, “ಅಮ್ಮಾ, ಜಸ್ಟ್ ಝೂಮ್ ಮಾಡಿ,” ಎಂದಳು. ವಿಮಾನದಲ್ಲಿ ಹೋದರೆ ಇಲ್ಲಿ ಓಹೇರ್ ವಿಮಾನ ನಿಲ್ದಾಣಕ್ಕೆ ಬಿಡಲು ಒಬ್ಬರು ಬೇಕು, ಅಲ್ಲಿ ಕರೆತರಲು ಇನ್ನೊಬ್ಬರು ಬೇಕು. ಸಚಿಕೋ ಕಾರು ಬಿಟ್ಟು ಎರಡು ವರ್ಷವಾಗಿತ್ತು. ಮೇ ತಿಂಗಳ ಇಂಜೆಕ್ಷನ್ನಿಗೆ ಐಶ್ವರ್ಯ ಒಂದು ಮೀಟಿಂಗ್ ಬಿಟ್ಟು ಓಡಿಬಂದು, ದಾರಿಯುದ್ದಕ್ಕೂ ಫೋನಿನಲ್ಲಿ ಮಾತಾಡುತ್ತಲೇ ಅಪ್ಪನನ್ನು ಕರೆದೊಯ್ದಳು. ಅವತ್ತು ಸಂಜೆ ನೀಲಾಂಬಿಕಾ ಗಂಡನೆದುರು ಕೂತು ಮಾತು ತೆಗೆದರು.

“ರೀ, ನಾ ಹೈವೇ ಕಲಿತೇನಿ.”

“ಯಾವ ಹೈವೇ?”

“ಎಲ್ಲಾವೂ. ನಿಮ್ಮ ದವಾಖಾನಿಗೆ ನಾನ ಕರಕೊಂಡು ಹೋಗ್ತೇನಿ. ಐಶೂಗ ಎಷ್ಟು ಸಲ ರಜಾ ಹಾಕಸೋದು?”

ರಾಚಯ್ಯ ಮುಖ ಸ್ವಲ್ಪ ಓರೆ ಮಾಡಿ, ಕಣ್ಣಿನ ಅಂಚಿನಿಂದ ಹೆಂಡತಿಯನ್ನು ನೋಡಿದರು. “ದವಾಖಾನಿ ಇಪ್ಪತ್ತು ಮೈಲಿ ಐತಿ. ನೋವೈ ಎಷ್ಟು ಐತಿ?”

“ಇನ್ನೂರಾ ಎಂಬತ್ತು.”

“ಚಿತ್ರದ ಪುಸ್ತಕದ ಸಲುವಾಗಿ?”

“ಹೂಂ.”

“ಎಪ್ಪತ್ತು ವರ್ಷಕ್ಕ ಯಾರರ ಹೈವೇ ಕಲೀತಾರೇನು?” ಎಂದು ಅವರು ರೇಡಿಯೋ ಹಚ್ಚಿದರು. ಸ್ವಲ್ಪ ಹೊತ್ತಿನ ಮೇಲೆ ರೇಡಿಯೋ ಸಣ್ಣಗೆ ಮಾಡಿ, “ನನಗ ಕಲಸಾಕ ಆಗಂಗಿಲ್ಲ. ನನಗ ರಸ್ತೆ ಕಾಣಂಗಿಲ್ಲ. ಲಲಿತಮ್ಮನ್ನ ಕೇಳು,” ಎಂದರು.

ಲಲಿತಮ್ಮ ಮೈಸೂರಿನವರು, ಅರವತ್ತಾರರ ಹೆಂಗಸು. ಇಪ್ಪತ್ತು ವರ್ಷದಿಂದ ಇಟಾಸ್ಕಾ ಮತ್ತು ಓಕ್ ಬ್ರೂಕಿನ ಆಫೀಸುಗಳಿಗೆ ಮಧ್ಯಾಹ್ನದ ಊಟ ಮಾಡಿ ತಲುಪಿಸುತ್ತಿದ್ದರು. ಚಪಾತಿ, ಪಲ್ಯ, ಸಾರಿನ ಪಾತ್ರೆಗಳನ್ನು ಹಳೆಯ ವ್ಯಾನಿನಲ್ಲಿ ಕಟ್ಟಿಕೊಂಡು, ಹಿಮ ಬೀಳಲಿ, ಬಿಸಿಲಿರಲಿ, ಹನ್ನೆರಡೂವರೆಗೆ ಸರಿಯಾಗಿ ಹೋಗಿ ನಿಲ್ಲುವವರು. ನೀಲಾಂಬಿಕಾರಿಗೆ ಅವರು ಕನ್ನಡ ಸಂಘದ ಊಟದ ಸಾಲಿನಲ್ಲಿ ಪರಿಚಯ. ಕೇಳಿದ ಕೂಡಲೇ ಒಪ್ಪಿದರು. ಭಾನುವಾರ ಬೆಳಗ್ಗೆ ಏಳಕ್ಕೆ, ರಸ್ತೆ ಖಾಲಿಯಿರುವಾಗ, ನೀಲಾಂಬಿಕಾರ ಕಾರಿನಲ್ಲೇ ಪಾಠ.

ನೀಲಾಂಬಿಕಾರಿಗೆ ನೇರ ಓಡಿಸುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಒಳಗೆ ಸೇರುವುದು. ಪಕ್ಕದ ದಾರಿ ಏರುತ್ತ ಹೋಗಿ ಹೈವೇಗೆ ಕೂಡುವಲ್ಲಿ, ಎಡಗಡೆಯಿಂದ ಲಾರಿಗಳು ಗೋಡೆಯಂತೆ ಬರುವುದು ಕಂಡರೆ ಅವರ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಗುತ್ತಿತ್ತು. ಮೊದಲ ದಿನ ಅವರು ದಾರಿಯ ಕೊನೆಯಲ್ಲಿ ಪೂರ್ತಿ ನಿಂತುಬಿಟ್ಟರು. ಹಿಂದಿನವನು ಹಾರ್ನ್ ಹೊಡೆಯತೊಡಗಿದ.

“ಅಯ್ಯೋ, ನಿಲ್ಲಬಾರದು ಕಣ್ರೀ ಇಲ್ಲಿ!” ಎಂದರು ಲಲಿತಮ್ಮ. “ಕನ್ನಡಿ ನೋಡಿ. ತಲೆ ತಿರುಗಿಸಿ ನೋಡಿ. ಜಾಗ ಕಂಡ್ರೆ ಗ್ಯಾಸ್ ಒತ್ತಿ. ಅವನು ನಿಮಗೆ ದಾರಿ ಬಿಡ್ತಾನೆ ಅಂತ ಕಾಯ್ಬೇಡಿ, ಅವನ ಸಮಕ್ಕೆ ನೀವೇ ಹೋಗ್ಬೇಕು.”

“ಜಾಗ ಎಷ್ಟು ಬೇಕು?”

“ಅಳತೆ ಹೇಳಕ್ಕಾಗಲ್ಲ. ನೋಡ್ತಾ ನೋಡ್ತಾ ಗೊತ್ತಾಗತ್ತೆ. ನೀವು ಸ್ಲೈಡ್ ನೋಡಕ್ಕೆ ಶುರು ಮಾಡಿದ ದಿನ ಎಲ್ಲಾ ಗೊತ್ತಾಗ್ತಿತ್ತಾ?”

ಗೊತ್ತಾಗುತ್ತಿರಲಿಲ್ಲ. ಮೊದಲ ಆರು ತಿಂಗಳು ಎಲ್ಲವೂ ಬರೀ ಗುಲಾಬಿ, ನೇರಳೆ. ನೀಲಾಂಬಿಕಾ ಹತ್ತು ಭಾನುವಾರ ಕಲಿತರು. ಜುಲೈ ತಿಂಗಳ ಇಂಜೆಕ್ಷನ್ನಿಗೆ ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗಿಬಂದರು. ರಾಚಯ್ಯ ಇಡೀ ದಾರಿ ಮೇಲಿನ ಹಿಡಿಕೆ ಹಿಡಿದು ಕೂತಿದ್ದರು. ಇಳಿಯುವಾಗ, “ಲೇನ್ ಬದಲಿ ಮಾಡೋ ಮುಂದ ಸಿಗ್ನಲ್ ಭಾಳ ಲಗೂನ ಹಾಕ್ತಿ,” ಎಂದರು. ಅದಕ್ಕಿಂತ ಹೆಚ್ಚಿನ ಮೆಚ್ಚುಗೆ ಅವರಿಂದ ಮದುವೆಯಾದಾಗಿನಿಂದ ಬಂದಿರಲಿಲ್ಲ.

ಅಕ್ಟೋಬರಿನ ಎರಡನೆಯ ವಾರ, ಒಂದು ಬುಧವಾರ ಬೆಳಗ್ಗೆ ಒಂಬತ್ತಕ್ಕೆ ಅವರು ಒಬ್ಬರೇ ಹೊರಟರು. ರಾಚಯ್ಯ ಮಗಳ ಮನೆಗೆ ಹೋಗಿದ್ದರು. ಗ್ಯಾರಿಯ ಉಕ್ಕಿನ ಕಾರ್ಖಾನೆಗಳ ಹತ್ತಿರ ಎರಡೂ ಬದಿಗೆ ಲಾರಿಗಳು ಒತ್ತಿಕೊಂಡು ಬಂದಾಗಲೂ ಅವರು ತಮ್ಮ ಲೇನ್ ಬಿಡಲಿಲ್ಲ. ವೇಗ ಇಳಿಸಲಿಲ್ಲ. ಮಿಷಿಗನ್ ಗಡಿ ದಾಟಿದೊಡನೆ ಕಾರಿನ ಗಡಿಯಾರ ತಾನೇ ಒಂದು ತಾಸು ಮುಂದೆ ಹೋಯಿತು. ಕಲಮಜೂ ದಾಟಿ ಒಂದು ವಿಶ್ರಾಂತಿ ತಾಣದಲ್ಲಿ ನಿಲ್ಲಿಸಿ, ರೊಟ್ಟಿ ಶೇಂಗಾ ಹಿಂಡಿ ತಿಂದು, ಗಂಡನಿಗೆ ಫೋನು ಮಾಡಿದರು. ರಾಚಯ್ಯ ಟೈರಿನ ಗಾಳಿ ಸರಿಯಿದೆಯೇ ಎಂದು ಕೇಳಿದರು. ನಂತರದ ದಾರಿಯಲ್ಲಿ ಮರಗಳು ಕೆಂಪಾಗಿದ್ದವು, ಆದರೆ ಅವರು ನೋಡಿದ್ದು ಎದುರಿನ ಕಾರುಗಳನ್ನು ಮಾತ್ರ. ನೋವೈ ತಲುಪಿದಾಗ ಅಲ್ಲಿನ ಲೆಕ್ಕದಲ್ಲಿ ಮಧ್ಯಾಹ್ನ ಮೂರೂಮುಕ್ಕಾಲು.

ಸಚಿಕೋ ಬಾಗಿಲಲ್ಲೇ ನಿಂತಿದ್ದಳು. ಎಪ್ಪತ್ನಾಲ್ಕು ವರ್ಷಕ್ಕೆ ಮೊದಲಿಗಿಂತ ಕುಗ್ಗಿದ್ದಳು, ಎಡ ಮೊಣಕಾಲು ಎಳೆಯುತ್ತಿದ್ದಳು. ಕೈಚೀಲದೊಂದಿಗೆ ಕಾರಿಳಿದವರನ್ನು ನೋಡಿ, ಅವರ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಇಣುಕಿದಳು. “ನೀವೇ ಓಡಿಸಿದಿರಾ, ಡಾಕ್ಟರ್?” ಎಂದು ಎರಡು ಸಲ ಕೇಳಿದಳು.

ಚಹಾ ಆದ ಮೇಲೆ ಊಟದ ಮೇಜಿನ ಮುಂದೆ ಒಬ್ಬರ ಪಕ್ಕ ಒಬ್ಬರು ಕೂತರು. ಸಚಿಕೋ ಕನ್ನಡಕ ಬದಲಿಸಿ, ಐದನೆಯ ಸಂಪುಟ ತೆರೆದು, ಚಿತ್ರದಿಂದ ಚಿತ್ರಕ್ಕೆ ಬೆರಳು ಸರಿಸುತ್ತ ಓದಿದಳು. ಕೈ ನಡುಗಿದ್ದನ್ನು ನೋಡಿದ ಮೋರಿ ಏನೂ ಅನ್ನಲಿಲ್ಲ. ಟವೆಲಿನಿಂದ ಮುಖ ಒರೆಸಿಕೊಂಡು, ಎಂದಿನಂತೆ ಹವಾಮಾನದ ಮಾತಾಡಿ ಹೋದ. ಕಿನು ಇಡೀ ತಿಂಗಳು ಅಂಗಡಿಯಲ್ಲಿ ಕೂತು ಬಾಳೆಹಣ್ಣಿಗೆ ನೊರೆ ಬಳಿದು ಕತ್ತಿ ಆಡಿಸಿ ಅಭ್ಯಾಸ ಮಾಡಿದಳು. ತಿಂಗಳಾದ ಮೇಲೆ ಮೋರಿ ಮತ್ತೆ ಬಂದ. ಇವತ್ತು ಕೂದಲು ಮಾತ್ರ ಎಂದಳು ಕಿನು. ಮುಖವೂ ಎಂದ ಅವನು, ಕತ್ತು ಚಾಚಿದ. ಕಿನು ಬಹಳ ಹೊತ್ತು ನಿಂತು, ಕೊನೆಗೆ ಕತ್ತಿಯನ್ನು ಅವನ ಕೈಗೇ ಕೊಟ್ಟು, ತಾನು ಕನ್ನಡಿ ಹಿಡಿದಳು.

ಸಚಿಕೋ ಪುಸ್ತಕ ಮುಚ್ಚಿದಳು. ಹೊರಗೆ ಯಾರೋ ಎಲೆ ಗುಡಿಸುತ್ತಿದ್ದರು.

“ನಾನೂ ಒಂದು ಸ್ಲೈಡ್ ತಪ್ಪು ನೋಡಿದ್ದೆ,” ಎಂದರು ನೀಲಾಂಬಿಕಾ. ಮೂರು ವರ್ಷದಲ್ಲಿ ಯಾರ ಮುಂದೆಯೂ ಆಡದಿದ್ದ ಮಾತು. “ಕೆಲಸ ಬಿಡುವ ನಾಲ್ಕು ತಿಂಗಳ ಮುಂಚೆ. ಕಂಕುಳ ಗಂಟು.”

“ಗೊತ್ತು,” ಎಂದಳು ಸಚಿಕೋ.

“ಹೇಗೆ ಗೊತ್ತು?”

“ಅದೇ ಚೂರಿನಿಂದ ಇನ್ನಷ್ಟು ಕೊಯ್ದು ಕೊಡು ಎಂದು ಆ ಹುಡುಗ ಡಾಕ್ಟರು ನನ್ನ ಹತ್ತಿರವೇ ಬಂದಿದ್ದ. ಆರು ಸ್ಲೈಡ್ ಮಾಡಿಕೊಟ್ಟೆ. ಮೇಲೆ ನಿಮ್ಮ ಹೆಸರಿತ್ತು.”

“ಒಂದು ಮಾತೂ ಹೇಳಲಿಲ್ಲ ನೀನು. ದಿನಾ ಒಟ್ಟಿಗೆ ಊಟ ಮಾಡುತ್ತಿದ್ದೆವು.”

“ನೀವು ಹೇಳಲಿಲ್ಲವಲ್ಲ,” ಎಂದಳು ಸಚಿಕೋ. “ಹೇಳಿದ್ದರೆ, ನಾನು ಇಪ್ಪತ್ತೆಂಟು ವರ್ಷದಲ್ಲಿ ಎಷ್ಟು ಚೂರು ಹಾಳು ಮಾಡಿದ್ದೆ ಎಂದು ನಾನೂ ಹೇಳುತ್ತಿದ್ದೆ.”

ನೀಲಾಂಬಿಕಾರಿಗೆ ಸಿಟ್ಟು ಬಂತೋ, ಹಗುರಾಯಿತೋ, ಅವರಿಗೇ ತಿಳಿಯಲಿಲ್ಲ. ಇಬ್ಬರೂ ಎದ್ದು ಅಡುಗೆಗೆ ನಿಂತರು. ಆ ರಾತ್ರಿ ನೀಲಾಂಬಿಕಾ ಎಂಟಕ್ಕೇ ಮಲಗಿ, ಬೆಳಗಿನವರೆಗೆ ಎಚ್ಚರವಿಲ್ಲದೆ ನಿದ್ದೆ ಮಾಡಿದರು.

ಮರುದಿನ ಆರನೆಯ ಸಂಪುಟ. ಸಚಿಕೋ ಮೊದಲರ್ಧ ಹಿಂದಿನ ದಿನದಂತೆಯೇ ಓದಿದಳು. ಚಳಿಗಾಲದಲ್ಲಿ ಮೋರಿ ಸತ್ತ. ಕಿನು ಅಂಗಡಿಯ ಮುಂದೆ ಗುರುತಿಗೆ ತಿರುಗುತ್ತಿದ್ದ ಪಟ್ಟೆಪಟ್ಟೆ ಕಂಬ ಬಿಚ್ಚಿಸಿದಳು. ಅಲ್ಲಿಂದ ಮುಂದೆ ಸಚಿಕೋಳ ಬೆರಳು ಬೇಗ ಸರಿಯತೊಡಗಿತು. “ಈಗ ಅವಳು ಅಂಗಡಿ ಮಾರುತ್ತಾಳೆ. ರೈಲು ಹತ್ತುತ್ತಾಳೆ. ಬೇರೆ ಊರಲ್ಲಿ ಅವಳ ಅಕ್ಕ ಇದ್ದಾಳೆ. ಅಕ್ಕನ ಮನೆಯಲ್ಲಿ ಇರುತ್ತಾಳೆ. ಅಕ್ಕ ಒಳ್ಳೆಯವಳು. ಅಷ್ಟೇ. ಮುಗಿಯಿತು.”

ಪುಸ್ತಕದಲ್ಲಿ ಇನ್ನೂ ಮೂವತ್ತು ಪುಟವಿತ್ತು. ನೀಲಾಂಬಿಕಾ ಕೈ ಚಾಚಿ ಅದನ್ನು ತಮ್ಮ ಕಡೆಗೆ ಎಳೆದುಕೊಂಡರು. ಒಂದೊಂದೇ ಪುಟ ತಿರುವಿದರು, ಮೂಲೆಯಿಂದ ಮೂಲೆಗೆ, ಏನೂ ಬಿಡದೆ, ಸ್ಲೈಡ್ ನೋಡುವ ಹಾಗೆ.

“ಸಚಿಕೋ, ಇದು ಅಕ್ಕನ ಮನೆಯಲ್ಲ.”

“ನಿಮಗೆ ಜಪಾನೀ ಬರುವುದಿಲ್ಲ, ಡಾಕ್ಟರ್.”

“ಓದಲು ಬರುವುದಿಲ್ಲ, ನೋಡಲು ಬರುತ್ತದೆ. ಮಂಚಕ್ಕೆ ಕಂಬಿ ಇದೆ. ಹಾಸಿಗೆಯ ಪಕ್ಕ ನರ್ಸನ್ನು ಕರೆಯಲು ಎಳೆಯುವ ದಾರ ಇದೆ. ಬಾಗಿಲಿಗೆ ಹೊಸ್ತಿಲಿಲ್ಲ. ಇಲ್ಲಿ ನೋಡು, ಕೋಟಿನ ಕೊರಳಪಟ್ಟಿಯ ಒಳಗೆ ಹೆಸರು ಹೊಲಿದಿದ್ದಾರೆ. ಅಕ್ಕನ ಮನೆಗೆ ಹೋಗುವವಳ ಕೋಟಿಗೆ ಯಾರು ಹೆಸರು ಹೊಲಿಯುತ್ತಾರೆ?”

ಸಚಿಕೋ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಎದ್ದು ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ನೀಲಾಂಬಿಕಾ ಹಿಂದೆ ಹೋಗಲಿಲ್ಲ. ಬರುವಾಗ ಅವಳ ಕೈಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿಯಿತ್ತು. ಒಳಗೆ ಬಟ್ಟೆಯ ಸಣ್ಣ ಪಟ್ಟಿಗಳು, ಪ್ರತಿಯೊಂದರ ಮೇಲೂ ಕಪ್ಪು ದಾರದಲ್ಲಿ ‘ಎಸ್. ಓನೋ’ ಎಂದು ಕಸೂತಿ.

“ನವೆಂಬರ್ ಮೂರಕ್ಕೆ ನಾನೂ ವೃದ್ಧಾಶ್ರಮಕ್ಕೆ ಹೋಗುತ್ತೇನೆ,” ಎಂದಳು. “ಇಲ್ಲಿಂದ ಆರು ಮೈಲಿ. ಎರಡು ಸಲ ಸ್ನಾನದಮನೆಯಲ್ಲಿ ಬಿದ್ದೆ. ಮಗಳು ಏನೂ ಬಲವಂತ ಮಾಡಲಿಲ್ಲ, ನಾನೇ ಸಹಿ ಹಾಕಿದೆ. ಬಟ್ಟೆಗೆಲ್ಲ ಹೆಸರಿರಬೇಕಂತೆ, ಒಗೆಯುವಾಗ ಬೆರೆತುಹೋಗುತ್ತವಂತೆ. ಅಂಟಿಸುವ ಸ್ಟಿಕ್ಕರ್ ಕೊಟ್ಟರು. ನನಗೆ ಅದು ಸೇರಲಿಲ್ಲ, ನಾನೇ ಹೊಲಿಯುತ್ತಿದ್ದೇನೆ. ನಿಮಗೆ ಹೇಳಬಾರದೆಂದು ಅಲ್ಲ. ಆ ಪುಟ ಬಂದಾಗ ಬಾಯಿಂದ ಮಾತು ಹೊರಡಲಿಲ್ಲ.”

ಸಮಾಧಾನದ ಮಾತು ನೀಲಾಂಬಿಕಾರಿಗೆ ಬರುತ್ತಿರಲಿಲ್ಲ. ಡಬ್ಬಿಯಿಂದ ಒಂದು ಪಟ್ಟಿ ತೆಗೆದು ಬೆಳಕಿಗೆ ಹಿಡಿದು ನೋಡಿ, “ಎಷ್ಟು ಉಳಿದಿವೆ?” ಎಂದು ಕೇಳಿದರು.

“ನಲವತ್ತೋ ಐವತ್ತೋ.”

“ಇನ್ನೊಂದು ಸೂಜಿ ಇದೆಯಾ?”

ಮಧ್ಯಾಹ್ನವೆಲ್ಲ ಇಬ್ಬರೂ ಕೂತು ಹೊಲಿದರು. ಸ್ವೆಟರ್, ಕಾಲುಚೀಲ, ಟವೆಲು, ಒಂದು ರೇಷ್ಮೆಯ ನಿಲುವಂಗಿ. ಸಚಿಕೋಳ ಹೊಲಿಗೆ ಅಚ್ಚು ಹಾಕಿದ ಹಾಗಿತ್ತು, ನೀಲಾಂಬಿಕಾರದು ಸೊಟ್ಟ. ಸಚಿಕೋ ಎರಡು ಪಟ್ಟಿಗಳನ್ನು ಬಿಚ್ಚಿ ಮತ್ತೆ ಹೊಲಿದಳು, ಮೂರನೆಯದನ್ನು ಹೋಗಲಿ ಎಂದು ಬಿಟ್ಟಳು. ನಾಲ್ಕು ಗಂಟೆಗೆ ಅವಳೇ ಪುಸ್ತಕ ಎತ್ತಿಕೊಂಡು, ಬಿಟ್ಟ ಕಡೆಯಿಂದ, ಈ ಸಲ ಇದ್ದದ್ದನ್ನು ಇದ್ದ ಹಾಗೆ ಓದಿದಳು.

ಕಿನು ಊರಾಚೆಯ ವೃದ್ಧಾಶ್ರಮ ಸೇರುತ್ತಾಳೆ. ಮೊದಲ ವಾರ ಯಾರೊಡನೆಯೂ ಮಾತಾಡುವುದಿಲ್ಲ. ಕಿಟಕಿಯಿಂದ ಬಂದರು ಕಾಣುವುದಿಲ್ಲ, ಕಾರು ನಿಲ್ಲಿಸುವ ಜಾಗ ಕಾಣುತ್ತದೆ. ಎರಡು ವಾರಕ್ಕೊಮ್ಮೆ ಗುರುವಾರ ಅಲ್ಲಿಗೆ ಕೂದಲು ಕತ್ತರಿಸುವ ಒಬ್ಬ ಹುಡುಗಿ ಬರುತ್ತಾಳೆ. ಕಿನು ಸಾಲಿನಲ್ಲಿ ಕೂತು, ತನ್ನ ಸರದಿ ಬಂದಾಗ ಹೋಗಿ ಕುರ್ಚಿಯಲ್ಲಿ ಕೂರುತ್ತಾಳೆ. ಜೀವನದಲ್ಲಿ ಮೊದಲ ಸಲ ಇನ್ನೊಬ್ಬರು ಅವಳ ಕೂದಲಿಗೆ ಕೈ ಹಾಕುತ್ತಾರೆ. ಮೂರು ಪುಟ ಬರೀ ಚಿತ್ರ, ಮಾತಿಲ್ಲ. ಕೊನೆಯ ಚಿತ್ರದಲ್ಲಿ ಒದ್ದೆ ಕೂದಲಿನ ಕಿನು ಕಣ್ಣು ತೆರೆದು ಕನ್ನಡಿಯಲ್ಲಿ ಹುಡುಗಿಯನ್ನು ನೋಡಿ ಹೇಳುತ್ತಾಳೆ. ಸಚಿಕೋ ಅದನ್ನು ಮೊದಲು ಜಪಾನೀ ಭಾಷೆಯಲ್ಲಿ ಓದಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳಿದಳು:

“ನಿನ್ನ ಕತ್ತರಿ ಮೊಂಡಾಗಿದೆ.”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ನಕ್ಕವಳು ಸಚಿಕೋ. ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು ಬಂತು. ಆಸ್ಪತ್ರೆಯಲ್ಲಿ ಹೊಸ ಹುಡುಗರು ಕೊಯ್ಯಲು ಬಂದಾಗ ಅವಳೂ ಹಿಂದೆ ನಿಂತು ಇದೇ ಮಾತು ಹೇಳುತ್ತಿದ್ದಳು, ಅಲಗು ಮೊಂಡು, ಅಲಗು ಮೊಂಡು ಎಂದು. ಆ ಹುಡುಗರಿಗೆ ಅವಳನ್ನು ಕಂಡರಾಗುತ್ತಿರಲಿಲ್ಲ.

ನೀಲಾಂಬಿಕಾ ಶುಕ್ರವಾರ ಹಿಂತಿರುಗಬೇಕಿತ್ತು. ಭಾನುವಾರದವರೆಗೆ ನಿಂತರು. ಶುಕ್ರವಾರ ಬೆಳಗ್ಗೆ ಇಬ್ಬರೂ ಆ ಆರು ಮೈಲಿ ಹೋಗಿ ಕೋಣೆ ನೋಡಿದರು. ನೀಲಾಂಬಿಕಾ ಸ್ನಾನದಮನೆಯ ಕಂಬಿಯನ್ನು ಎಳೆದು ನೋಡಿದರು, ದಾರ ಎಳೆದು ಎಷ್ಟು ಹೊತ್ತಿಗೆ ನರ್ಸ್ ಬರುತ್ತಾಳೆಂದು ಗಡಿಯಾರ ಹಿಡಿದು ನೋಡಿದರು. ನಾಲ್ಕು ನಿಮಿಷವಾಯಿತು. ಮ್ಯಾನೇಜರನ್ನು ಕರೆಸಿ, ನಾಲ್ಕು ನಿಮಿಷ ಹೆಚ್ಚಾಯಿತು ಎಂದರು. ತಾವು ಡಾಕ್ಟರೆಂದು ಹೇಳಿಕೊಳ್ಳುವುದು ಅವರಿಗೆ ರೂಢಿಯಿಲ್ಲ, ಅವತ್ತು ಮೂರು ಸಲ ಹೇಳಿದರು. ಸಚಿಕೋಗೆ ಕೊಟ್ಟಿದ್ದು ಉತ್ತರದ ಕೋಣೆ, ಬೆಳಕಿರಲಿಲ್ಲ. ಪೂರ್ವದ ಕಡೆ ಒಂದು ಖಾಲಿಯಾಗುತ್ತಿದೆ, ಆದರೆ ಡಿಸೆಂಬರ್ ತನಕ ಕಾಯಬೇಕು ಎಂದರು. ಕಾಯುತ್ತೇನೆ ಎಂದಳು ಸಚಿಕೋ.

ಭಾನುವಾರ ವೆಸ್ಟ್‌ಮಂಟ್ ತಲುಪಿದಾಗ ರಾಚಯ್ಯ ಬಾಗಿಲಿಗೆ ಬಂದು, ಕಾರಿನ ಸುತ್ತ ಕೈಯಾಡಿಸುತ್ತ ಒಂದು ಸುತ್ತು ಹಾಕಿದರು. ಎಲ್ಲಿಯೂ ಗೀರು ಸಿಗಲಿಲ್ಲ.

“ಏನಾತು ಆಕಿದು? ಆ ಕ್ಷೌರದಂಗಡಿ ಮುದಕಿದು?” ಎಂದು ಒಳಗೆ ಹೋಗುವಾಗ ಕೇಳಿದರು.

ನೀಲಾಂಬಿಕಾ ಪೂರ್ತಿ ಕತೆ ಹೇಳಿದರು, ಸಚಿಕೋ ಮೊದಲು ಹೇಳಿದ್ದ ಅಕ್ಕನ ಮನೆಯ ಭಾಗವನ್ನೂ ಸೇರಿಸಿ. ಅದರ ಜೊತೆಗೇ ಆ ಮಂಗಳವಾರದ ಸ್ಲೈಡಿನ ಮಾತನ್ನೂ ಹೇಳಿಬಿಟ್ಟರು. “ಅದಕ ಅವತ್ತ ಸಾಕಾತು ಅಂದಿದ್ದಿ?” ಎಂದರು ರಾಚಯ್ಯ. “ನಾ ನಿನ್ನ ಬೆನ್ನುನೋವು ಅಂತ ತಿಳಕೊಂಡಿದ್ದೆ.”

ಸಚಿಕೋ ಡಿಸೆಂಬರಿನಲ್ಲಿ ಪೂರ್ವದ ಕೋಣೆಗೆ ಹೋದಳು. ಮೂರನೆಯ ವಾರಕ್ಕೆ ಅವಳ ಫೋನು ಬಂತು: ಎಲ್ಲ ಸರಿ, ಅನ್ನ ಮಾತ್ರ ಬಾಯಿಗಿಡಲಾಗದು. ಜನವರಿಯಲ್ಲಿ, ರಸ್ತೆಯ ಹಿಮ ತೆಗೆದ ಒಂದು ದಿನ, ನೀಲಾಂಬಿಕಾ ಅನ್ನದ ಕುಕ್ಕರ್ ಒಂದನ್ನು ಹಿಂದಿನ ಸೀಟಿನಲ್ಲಿಟ್ಟುಕೊಂಡು ಮತ್ತೆ ಹೊರಟರು. ಈ ಸಲ ರಾಚಯ್ಯನವರೂ ಜೊತೆಗಿದ್ದರು. ಕೋಣೆಯಲ್ಲಿ ಬಿಸಿ ಮಾಡುವ ಯಾವ ಉಪಕರಣವೂ ಕೂಡದು ಎಂದು ಮ್ಯಾನೇಜರ್ ನಿಯಮ ತೋರಿಸಿದರು. ರಾಚಯ್ಯ ಎಲೆಕ್ಟ್ರಿಕಲ್ ಇಂಜಿನಿಯರಾಗಿ, ಅದು ಎಷ್ಟು ಕಡಿಮೆ ಕರೆಂಟ್ ಎಳೆಯುತ್ತದೆಂದು ಅರ್ಧ ತಾಸು ವಿವರಿಸಿದರು. ನಿಯಮ ಬದಲಾಗಲಿಲ್ಲ. ಕುಕ್ಕರ್ ಸಚಿಕೋಳ ಮಗಳ ಮನೆ ಸೇರಿತು. ಮಗಳು ಬುಧವಾರವೂ ಭಾನುವಾರವೂ ಡಬ್ಬಿ ತಂದುಕೊಡುತ್ತಾಳೆ. ಉಳಿದ ದಿನ ಸಚಿಕೋ ಬ್ರೆಡ್ ತಿನ್ನುತ್ತಾಳೆ.

ಎರಡು ತಿಂಗಳಿಗೊಮ್ಮೆ ನೀಲಾಂಬಿಕಾ ನೋವೈಗೆ ಹೋಗುತ್ತಾರೆ. ದಿಯಾ ಹುಡುಕಿ ತೆಗೆದ ಇನ್ನೊಂದು ಮಾಂಗಾ ಈಗ ನಡೆಯುತ್ತಿದೆ, ಮುದುಕ ಗಂಡಹೆಂಡಿರು ಹಳೆಯ ಬಸ್ಸು ಕೊಂಡು ಊರೂರು ತಿರುಗುವ ಕತೆ. ಸಚಿಕೋಗೆ ಅದು ಅಷ್ಟೇನೂ ಹಿಡಿಸಿಲ್ಲ. ಅಕ್ಷರ ಕಲಿಸುವ ನೆಪಕ್ಕೆ ಓದುತ್ತಾಳೆ. ನೀಲಾಂಬಿಕಾರಿಗೆ ಇಲ್ಲಿಯವರೆಗೆ ನಲವತ್ತಾರು ಜಪಾನೀ ಅಕ್ಷರ ಗೊತ್ತು. ಉಚ್ಚಾರ ಕೇಳಲಾಗದು ಎನ್ನುತ್ತಾಳೆ ಸಚಿಕೋ.